ಮಧ್ಯಾಹ್ನ ಖಾಲಿ ಬಿಟ್ಟ ಎರಡು ದಿನ

ಮೇ ಬಂತೆಂದರೆ ಕಾರವಾರದ ನಮ್ಮ ಮನೆ ಛತ್ರವೇ. ಬೆಂಗಳೂರಿನಿಂದ ಅಕ್ಕನ ಮನೆಯವರು, ಹುಬ್ಬಳ್ಳಿಯಿಂದ ಮಾವನ ಮಕ್ಕಳು. ಎಲ್ಲರಿಗೂ ಶನಿವಾರ, ಭಾನುವಾರ ಎರಡೇ ದಿನದಲ್ಲಿ ಎಲ್ಲಾ ನೋಡಿ ಹೋಗಬೇಕು. ಅವರನ್ನು ಸುತ್ತಿಸುವ ಕೆಲಸ ಏಳೆಂಟು ವರ್ಷದಿಂದ ನನ್ನ ತಲೆಗೇ ಕಟ್ಟಿದ್ದಾರೆ.

ಮೊದಲ ವರ್ಷ ಹಾಳೆಯ ಮೇಲೆ ಗಂಟೆಗಂಟೆಗೆ ಬರೆದು ಹೊರಟಿದ್ದೆ. ಹತ್ತಕ್ಕೆ ಟಾಗೋರ್ ಬೀಚ್, ಹನ್ನೊಂದೂವರೆಗೆ ಚಪಲ್, ಎರಡಕ್ಕೆ ದೋಣಿ. ಚಪಲ್ ಅಂದರೆ ನೌಕಾಪಡೆಯ ಹಳೆಯ ಕ್ಷಿಪಣಿ ದೋಣಿ, ಈಗ ಮ್ಯೂಸಿಯಂ. ಕಬ್ಬಿಣದ ಆ ಹೊಟ್ಟೆಯೊಳಗೆ ಮೇ ತಿಂಗಳ ಮಧ್ಯಾಹ್ನ ಹೇಗಿರುತ್ತದೆ ಅಂತ ನಾನು ಯೋಚಿಸಿಯೇ ಇರಲಿಲ್ಲ. ಬೆವರಿ ತೊಯ್ದು ಹೊರಗೆ ಬಂದೆವು. ದೋಣಿಯವನು ಗಾಳಿ ಎದ್ದಿದೆ, ಈಗ ಬೇಡ ಅಂದ. ಭಾವನಿಗೆ ಹಟ, ದುಡ್ಡು ಕೊಟ್ಟಾಗಿದೆಯಲ್ಲ. ಹೋದೆವು. ಅಕ್ಕನ ಮಗ ಹೋಗುವಾಗಲೂ ವಾಂತಿ ಮಾಡಿದ, ಬರುವಾಗಲೂ ಮಾಡಿದ.

ಅವತ್ತಿನಿಂದ ನನ್ನದು ಒಂದೇ ಲೆಕ್ಕ. ಹನ್ನೊಂದರಿಂದ ನಾಲ್ಕರವರೆಗೆ ಏನೂ ಇಲ್ಲ. ಬೆಳಗಿನ ಜಾವ ಮತ್ತು ರಾತ್ರಿ, ಇವೆರಡನ್ನೇ ತುಂಬಿಸುವುದು.

ಶನಿವಾರ ಐದೂವರೆಗೆ ಎಬ್ಬಿಸುತ್ತೇನೆ. ಬೈಗುಳ ಬೀಳುತ್ತವೆ, ಬೀಳಲಿ. ಸಾಧ್ಯವಾದರೆ ಹುಣ್ಣಿಮೆ ಅಥವಾ ಅಮಾವಾಸ್ಯೆಯ ಆಸುಪಾಸಿನ ವಾರಾಂತ್ಯಕ್ಕೇ ಬನ್ನಿ ಅಂತ ಮೊದಲೇ ಹೇಳಿರುತ್ತೇನೆ. ಆಗ ನಮ್ಮಲ್ಲಿ ಬೆಳಗ್ಗೆ ಐದಾರರ ಹೊತ್ತಿಗೆ ಇಳಿತ, ದಡ ಅಗಲವಾಗಿ ಬಿಚ್ಚಿಕೊಂಡಿರುತ್ತದೆ. ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಒದ್ದೆ ಮರಳಿನ ಮೇಲೆ ಬರಿಗಾಲಲ್ಲಿ, ಕಾಳಿ ನದಿ ಸಮುದ್ರ ಸೇರುವ ಅಳಿವೆ ಕಡೆಗೆ ನಡೆಯುವುದು. 1880ರ ದಶಕದ ಶುರುವಿನಲ್ಲಿ ಟಾಗೋರರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ಕವಿ ಬಂದು ಉಳಿದಿದ್ದರು. ಬೆಳದಿಂಗಳಲ್ಲಿ ದೋಣಿ ಹತ್ತಿ ಕಾಳಿ ನದಿಯಲ್ಲಿ ಮೇಲಕ್ಕೆ ಹೋಗಿ, ವಾಪಸ್ಸು ಬರುವಾಗ ಅಳಿವೆಯಲ್ಲಿ ಇಳಿದು ಇದೇ ಮರಳಿನ ಮೇಲೆ ನಡೆದು ಮನೆ ಸೇರಿದ್ದನ್ನು ಅವರೇ ಬರೆದುಕೊಂಡಿದ್ದಾರೆ. ಅವರಿಗೂ ಹೊತ್ತು ಗೊತ್ತಿತ್ತು, ಅಲ್ವಾ?

ಏಳೂವರೆಗೆ ಬಿಸಿಲು ಚುಚ್ಚತೊಡಗಿದರೆ ಮನೆಗೆ. ತಿಂಡಿ, ಸ್ನಾನ, ಆಮೇಲೆ ಖಾಲಿ ಹೊತ್ತು ಶುರು.

ಖಾಲಿ ಅಂದರೂ ಅಮ್ಮ ಯಾರನ್ನೂ ಸುಮ್ನೆ ಕೂರಿಸುವುದಿಲ್ಲ. ಅಂಗಳದಲ್ಲಿ ಹಲಸಿನ ಹಪ್ಪಳ ಒಣಗುತ್ತಿರುತ್ತದೆ, ಕಾಗೆ ಓಡಿಸುವುದು ಸಣ್ಣ ಮಕ್ಕಳ ಪಾಲು. ದೊಡ್ಡ ಮಕ್ಕಳಿಗೆ ಮುರುಗಲು, ಅಂದರೆ ಕೋಕಂ. ಹಣ್ಣು ಒಡೆದು, ಬೀಜ ತೆಗೆದು, ಸಿಪ್ಪೆಯನ್ನು ಗಾಜಿನ ಭರಣಿಗೆ ಹಾಕುವುದು. ಒಂದು ಪದರ ಸಿಪ್ಪೆ, ಒಂದು ಪದರ ಸಕ್ಕರೆ. ಬಾಯಿಗೆ ಬಟ್ಟೆ ಕಟ್ಟಿ ಒಂದು ವಾರ ಬಿಸಿಲಿಗಿಟ್ಟರೆ ಕಡುಗೆಂಪು ರಸ ಬಿಡುತ್ತದೆ. ಅದು ಇಳಿಯುವ ಹೊತ್ತಿಗೆ ನೆಂಟರು ಊರು ಸೇರಿರುತ್ತಾರೆ. ಹಾಗಾಗಿ ಈ ಸಲದವರು ಹಿಂದಿನ ವಾರದವರು ಹಾಕಿಟ್ಟಿದ್ದನ್ನು ಕುಡಿಯುತ್ತಾರೆ. ನೀರು, ಚೂರು ಉಪ್ಪು, ಜೀರಿಗೆ ಪುಡಿ ಸಾಕು.

ಊಟಕ್ಕೆ ಬಂಗಡೆ ಸಾರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ. ಹಾಗಾಗಿ ಮೇ ಕೊನೆಯ ವಾರ ನಾವು ಮೀನನ್ನು ಸ್ವಲ್ಪ ಜಾಸ್ತಿಯೇ ತಿನ್ನುತ್ತೇವೆ. ಉಂಡವರು ಬಿದ್ದುಕೊಳ್ಳುತ್ತಾರೆ. ಯಾರಾದರೂ "ಈಗೆಲ್ಲಿಗೆ?" ಅಂತ ಕೇಳಿದರೆ ಚಾಪೆ ತೋರಿಸುತ್ತೇನೆ.

ರಾತ್ರಿ ಆಟ. ಯಕ್ಷಗಾನಕ್ಕೆ ನಮ್ಮ ಕಡೆ ಆಟ ಅಂತಲೇ ಹೆಸರು. ಮಳೆ ಹಿಡಿಯುವ ಮೊದಲಿನ ಈ ವಾರಗಳಲ್ಲಿ ಅಂಕೋಲಾ, ಕುಮಟಾ, ಹೊನ್ನಾವರ ಕಡೆ ಎಲ್ಲಾದರೂ ಒಂದು ಇದ್ದೇ ಇರುತ್ತದೆ. ಸರ್ಕಲ್ಲಿನ ಬ್ಯಾನರ್ ನೋಡುತ್ತೇನೆ, ಇಲ್ಲವಾದರೆ ಅಂಕೋಲೆಯ ಗೆಳೆಯನಿಗೆ ಫೋನ್ ಮಾಡುತ್ತೇನೆ. ಮೊದಲ ಸಲದವರಿಗೆ ಇಡೀ ರಾತ್ರಿಯ ಆಟ ಬೇಡ, ಮೂರು ತಾಸಿನ ಕಾಲಮಿತಿ ಆಟ ಸಾಕು. ಇದನ್ನೂ ಪೆಟ್ಟು ತಿಂದೇ ಕಲಿತಿದ್ದು. ಒಂದು ವರ್ಷ ಬೆಳಗಿನವರೆಗಿನ ಆಟಕ್ಕೆ ಕರೆದೊಯ್ದಿದ್ದೆ. ಒಂದು ಗಂಟೆಗೆಲ್ಲ ಎಂಟು ಜನರಲ್ಲಿ ಆರು ಜನ ಕುರ್ಚಿಯಲ್ಲೇ ಮಲಗಿದ್ದರು. ಚಂಡೆಯ ಪಕ್ಕ ಹಾಗೆ ಗೊರಕೆ ಹೊಡೆಯುವುದಕ್ಕೂ ಒಂದು ಕಲೆ ಬೇಕು.

ಪ್ರಸಂಗದ ಕಥೆಯನ್ನು ಕಾರಿನಲ್ಲೇ ಹೇಳಿ ಮುಗಿಸುತ್ತೇನೆ. ಅಭಿಮನ್ಯು ಚಕ್ರವ್ಯೂಹದೊಳಗೆ ಹೋಗುತ್ತಾನೆ, ಬರುವುದಿಲ್ಲ, ಅಷ್ಟೇ. ಕಥೆ ಗೊತ್ತಿದ್ದರೆ ಕಣ್ಣು ಕುಣಿತದ ಮೇಲೆ, ಕಿವಿ ಮಾತಿನ ಮೇಲೆ ನಿಲ್ಲುತ್ತದೆ. ಮಾತು ಬಾಯಿಪಾಠವಲ್ಲ, ಅಲ್ಲೇ ಹುಟ್ಟುವುದು ಅಂದರೆ ಬೆಂಗಳೂರಿನ ಮಕ್ಕಳು ನಂಬುವುದೇ ಇಲ್ಲ.

ಆಟಕ್ಕಿಂತ ಒಂದು ತಾಸು ಮೊದಲೇ ತಲುಪಬೇಕು, ಚೌಕಿಗಾಗಿ, ಅಂದರೆ ವೇಷ ಕಟ್ಟುವ ಜಾಗಕ್ಕಾಗಿ. ಕೇಳಿಕೊಂಡು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ ಮೂಲೆಯಲ್ಲಿ ನಿಲ್ಲುವುದು. ಸಣ್ಣ ಕನ್ನಡಿ ಹಿಡಿದು ಮುಖಕ್ಕೆ ಬಣ್ಣ ಬರೆದುಕೊಳ್ಳುವವರು, ತಲೆಯ ಮೇಲೆ ಸುತ್ತು ಸುತ್ತಾಗಿ ಏಳುವ ಮುಂಡಾಸು, ಹಗುರ ಮರದ ಭುಜಕೀರ್ತಿ, ಎದೆಕಟ್ಟು. ಪಂಚೆ ಉಟ್ಟು ಚಾ ಕುಡಿಯುತ್ತಿದ್ದ ಸಪೂರ ಮನುಷ್ಯನೊಬ್ಬ ಮುಕ್ಕಾಲು ತಾಸಿನಲ್ಲಿ ಕರ್ಣನಾಗಿ ಎದ್ದು ನಿಂತಾಗ ಅಕ್ಕನ ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ರಂಗಸ್ಥಳದಲ್ಲಿ ಅವನು ಬಂದಾಗ "ಇವರು ಚಾ ಅಂಕಲ್" ಅಂತ ಕೂಗಿಯೇಬಿಟ್ಟಳು. ವಾಪಸ್ಸು ಬರುವಾಗ ಕಾರಿನಲ್ಲಿ, ಇದನ್ನು ಎಲ್ಲಿ ಕಲಿಸುತ್ತಾರೆ ಅಂತ ಕೇಳಿದಳು. ಹೊನ್ನಾವರ ತಾಲೂಕಿನ ಗುಣವಂತೆಯ ಬಗ್ಗೆ ಹೇಳಿದೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳದವರು ಅಲ್ಲಿ ಕಲಿಸುವ ಕೇಂದ್ರವನ್ನೂ ನಡೆಸುತ್ತಾರೆ. ಅಕ್ಕ ಮುಂದಿನ ಸೀಟಿನಿಂದ ತಿರುಗಿ, ಮೊದಲು ಹತ್ತನೇ ಕ್ಲಾಸು ಮುಗಿಸು ಅಂದಳು.

ಭಾನುವಾರ ಕಾರವಾರದ ಸಂತೆ. ಒಂಬತ್ತಕ್ಕೆ ಹೋಗಿ ಹತ್ತೂವರೆಗೆ ಹೊರಗೆ ಬರಬೇಕು. ಘಟ್ಟದ ಮೇಲಿನ ತರಕಾರಿ ರಾಶಿಗಳನ್ನು ದಾಟಿ ನಾನು ನೇರ ಊರ ಹೆಂಗಸರ ಬುಟ್ಟಿಗಳ ಹತ್ತಿರ ಹೋಗುತ್ತೇನೆ. ಒಣಮೀನು, ಮುರುಗಲು ಸಿಪ್ಪೆ, ಮಾಲೆಯಂತೆ ಹೆಣೆದ ಕುಮಟಾದ ಸಿಹಿ ಈರುಳ್ಳಿ. ಆ ಮಾಲೆಯನ್ನು ಅಡುಗೆಮನೆಯಲ್ಲಿ ನೇತುಹಾಕಿ ಬೇಕಾದಾಗ ಒಂದೊಂದೇ ಕಿತ್ತುಕೊಳ್ಳುವುದು. ಭಾವ ಒಂದು ಸಲ ಕೊರಳಿಗೆ ಹಾಕಿಕೊಂಡು ಫೋಟೋ ತೆಗೆಸಿಕೊಂಡ.

ಮತ್ತೆ ಈಶಾಡು. ಅಂಕೋಲೆಯ ಕರಿ ಈಶಾಡು ಮಾವಿಗೆ 2023ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಕರಿ ಈಶಾಡಿಗೆ ಸಿಪ್ಪೆ ತೆಳು, ತಿರುಳು ಜಾಸ್ತಿ, ಸಿಹಿಯೂ ಜಾಸ್ತಿ. ಬಿಳಿ ಈಶಾಡಿಗೆ ಸಿಪ್ಪೆ ದಪ್ಪ. ಹೆಚ್ಚು ದಿನ ತಾಳದ ಹಣ್ಣು, ಅದಕ್ಕೇ ದೂರದ ಪೇಟೆಗಳಲ್ಲಿ ಕಾಣುವುದಿಲ್ಲ. ಮಾರುವ ಅಮ್ಮನ ಹತ್ತಿರ "ಇವತ್ತು ತಿನ್ನಲು ನಾಲ್ಕು, ನಾಡಿದ್ದಿಗೆ ಎಂಟು" ಅಂತ ದಿನ ಹೇಳಿಯೇ ಕೇಳಬೇಕು. ಅವಳೇ ಒತ್ತಿ ನೋಡಿ ಬೇರೆ ಬೇರೆ ಕಟ್ಟಿಕೊಡುತ್ತಾಳೆ. ನಾವಾಗಿ ಒತ್ತಿದರೆ ಬೈಸಿಕೊಳ್ಳುವುದು ಗ್ಯಾರಂಟಿ.

ಸಂಜೆ ಐದಕ್ಕೆ ಸದಾಶಿವಗಡ. ಗುಡ್ಡದ ಮೇಲಿಂದ ಕಾಳಿ ಸಮುದ್ರ ಸೇರುವುದು ಪೂರ್ತಿ ಕಾಣುತ್ತದೆ. 2024ರ ಆಗಸ್ಟ್‌ನ ಒಂದು ರಾತ್ರಿ ಹಳೆ ಸೇತುವೆ ಕುಸಿದು ಬಿದ್ದ ಜಾಗವೂ ಕಾಣುತ್ತದೆ. ನೆಂಟರು ಅದನ್ನೇ ಜಾಸ್ತಿ ಹೊತ್ತು ನೋಡುತ್ತಾರೆ. ಸೂರ್ಯ ಮುಳುಗಿದ ಮೇಲೆ ಇಳಿದು ಬಂದು ಬಸ್ ಹತ್ತಿಸುವುದು.

ಕಳೆದ ವರ್ಷ ಭಾವ ಕಿಟಕಿಯಿಂದ ತಲೆ ಹೊರಹಾಕಿ, "ಚಪಲ್ ಈ ಸಲವೂ ನೋಡಲಿಲ್ಲ ಮಾರಾಯ" ಅಂದ. ಡಿಸೆಂಬರ್‌ನಲ್ಲಿ ಬಾ ಅಂದೆ.