ನಿಂತುಹೋಗಿದ್ದ ಶಿಶುಪಾಲನಾ ನೆರವು ಮತ್ತೆ ಬಂದ ಬಗೆ: ನನ್ನ ಅನುಭವ

ಬ್ರಿಟನ್ನಿನ ‘ಟ್ಯಾಕ್ಸ್-ಫ್ರೀ ಚೈಲ್ಡ್‌ಕೇರ್’ ಯೋಜನೆಯಲ್ಲಿ, ದುಡಿಯುವ ತಂದೆ-ತಾಯಿ ತಮ್ಮ ಆನ್‌ಲೈನ್ ಖಾತೆಗೆ ಹಾಕುವ ಪ್ರತಿ 8 ಪೌಂಡಿಗೆ ಸರ್ಕಾರವು 2 ಪೌಂಡ್ ಸೇರಿಸುತ್ತದೆ. ಸಾಮಾನ್ಯವಾಗಿ ಒಂದು ಮಗುವಿಗೆ ಮೂರು ತಿಂಗಳಲ್ಲಿ ಹೆಚ್ಚೆಂದರೆ 500 ಪೌಂಡ್ ದೊರೆಯುತ್ತದೆ. ಕಳೆದ ವರ್ಷ ಮಗಳ ನರ್ಸರಿ ಶುಲ್ಕಕ್ಕೆಂದು ನಾನು ಹಣ ಹಾಕಿದಾಗ ಸರ್ಕಾರದ ಪಾಲು ಬರಲೇ ಇಲ್ಲ. ಬ್ಯಾಂಕಿನಲ್ಲಿ ತಡವಾಗಿರಬೇಕೆಂದು ಭಾವಿಸಿ ಎರಡು ದಿನ ಕಾದೆ.

ಬಳಿಕ ಖಾತೆಯೊಳಗಿನ ಸಂದೇಶಗಳನ್ನು ಒಂದೊಂದಾಗಿ ಓದಿದಾಗ, ನಮ್ಮ ಉದ್ಯೋಗ ಮತ್ತು ಆದಾಯದ ವಿವರ ಬದಲಾಗಿಲ್ಲವೆಂದು ಮೂರು ತಿಂಗಳಿಗೊಮ್ಮೆ ಮರುದೃಢೀಕರಿಸಬೇಕಾದ ಗಡುವು ಮೀರಿಹೋಗಿದ್ದು ತಿಳಿಯಿತು. ಅದನ್ನು ನೆನಪಿಸುವ ಸಂದೇಶ ನಾನು ಬಳಸುವುದನ್ನೇ ಬಿಟ್ಟಿದ್ದ ಇಮೇಲ್ ವಿಳಾಸಕ್ಕೆ ಹೋಗಿತ್ತು. ಪತಿಯೊಂದಿಗೆ ಕುಳಿತು ಇಬ್ಬರ ವಿವರಗಳನ್ನೂ ಪರಿಶೀಲಿಸಿ ದೃಢೀಕರಿಸಿದೆ, ಇಮೇಲ್ ಬದಲಿಸಿದೆ. ಆಮೇಲೆ ಹಾಕಿದ ಹಣಕ್ಕೆ ಸರ್ಕಾರದ ಪಾಲು ಸೇರಿತು.

ಇಂಗ್ಲೆಂಡಿನಲ್ಲಿ ದುಡಿಯುವ ಪೋಷಕರಿಗೆ ಸಿಗುವ ವಾರಕ್ಕೆ 30 ಗಂಟೆಗಳವರೆಗಿನ ಉಚಿತ ಪಾಲನೆಗೂ ಇದೇ ಮರುದೃಢೀಕರಣ ಬೇಕಾಗುವುದರಿಂದ, ಅದನ್ನು ಪಡೆಯುತ್ತಿರುವವರು ಇನ್ನೂ ಎಚ್ಚರದಿಂದಿರಬೇಕೆಂದು ನನ್ನ ಅನಿಸಿಕೆ. ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ‘ಯೂನಿವರ್ಸಲ್ ಕ್ರೆಡಿಟ್’ ಎಂಬ ಜೀವನ ನಿರ್ವಹಣಾ ನೆರವನ್ನು ಪಡೆಯುವವರು ಈ ಖಾತೆಗೆ ಅರ್ಜಿ ಹಾಕುವ ಮೊದಲು ಲೆಕ್ಕ ಹಾಕಿ ನೋಡುವುದು ಒಳ್ಳೆಯದು, ಏಕೆಂದರೆ ಎರಡನ್ನೂ ಒಟ್ಟಿಗೆ ಪಡೆಯಲಾಗದು. ಮುಂದಿನ ಗಡುವಿಗೆ ನಾಲ್ಕು ವಾರ ಮುಂಚಿನ ದಿನವನ್ನು ಈಗ ಇಬ್ಬರ ಫೋನಿನಲ್ಲೂ ಗುರುತು ಮಾಡಿಟ್ಟಿದ್ದೇವೆ.