ಲೈಕ್ ಎಣಿಸುವುದು ಬಿಟ್ಟ ಮೇಲೆ ಲೆಕ್ಕ ಸರಿಹೋಯಿತು

ಚಿತ್ರ ಬಿಡಿಸಲು ಕಲಿಸುವ ಮೇಡಂ ಒಬ್ಬರ ಇನ್‌ಸ್ಟಾಗ್ರಾಮ್ ಪೇಜನ್ನು ಎರಡು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ಫಾಲೋವರ್ಸ್ 18 ಸಾವಿರದ ಆಸುಪಾಸು. ಶುರುವಿನಲ್ಲಿ ನಾನೂ ಎಲ್ಲರಂತೆ ಲೈಕ್, ಕಾಮೆಂಟ್ ಕೂಡಿಸಿ, ಫಾಲೋವರ್ಸ್‌ನಿಂದ ಭಾಗಿಸಿ, ಚೆಂದದ ಗ್ರಾಫ್ ಕಳಿಸುತ್ತಿದ್ದೆ. ಗ್ರಾಫ್ ಏರುತ್ತಿತ್ತು. ಕ್ಲಾಸಿಗೆ ಸೇರುವವರು ಮಾತ್ರ ಅಷ್ಟಕ್ಕಷ್ಟೇ.

ದುಡ್ಡು ಕಳೆದದ್ದೂ ಆಗಲೇ. ಅನಾಲಿಟಿಕ್ಸ್ ಟೂಲ್ ಒಂದಕ್ಕೆ ವರ್ಷದ ಚಂದಾ ಕಟ್ಟಿದೆ, ನನ್ನ ಎರಡು ತಿಂಗಳ ಫೀಸಿನಷ್ಟು. ಅದು ತೋರಿಸಿದ್ದೆಲ್ಲ ಇನ್‌ಸ್ಟಾಗ್ರಾಮ್‌ನದೇ ಅಂಕಿಅಂಶದ ಪುಟ ಇನ್‌ಸೈಟ್ಸ್‌ನಲ್ಲಿ ಪುಕ್ಕಟೆ ಸಿಗುವುದೇ, ಬಣ್ಣ ಬೇರೆ ಅಷ್ಟೆ. ಆಮೇಲೆ ಗಿವ್‌ಅವೇ ಹುಚ್ಚು. "ಮೂವರನ್ನು ಟ್ಯಾಗ್ ಮಾಡಿ, ಬಣ್ಣದ ಡಬ್ಬಿ ಗೆಲ್ಲಿ." ಕಾಮೆಂಟ್ ಸಾವಿರ ದಾಟಿತು. ಬಹುಮಾನ ಕೊಟ್ಟ ವಾರದಲ್ಲೇ ಹೊಸದಾಗಿ ಬಂದವರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಅನ್‌ಫಾಲೋ ಮಾಡಿದರು.

ಕಣ್ಣು ತೆರೆಸಿದ್ದು ಒಂದು ಬಡಪಾಯಿ ಪೋಸ್ಟ್. 2ಎಚ್‌ನಿಂದ 6ಬಿವರೆಗೆ ಯಾವ ಪೆನ್ಸಿಲ್ ಎಷ್ಟು ಕಪ್ಪು ಅಂತ ಆರು ಸ್ಲೈಡ್. ಲೈಕ್ 90 ಚಿಲ್ಲರೆ. ಮೇಡಂ ಡಿಲೀಟ್ ಮಾಡಿಬಿಡಿ ಅಂದಿದ್ದರು. ಸುಮ್ನೆ ಎಷ್ಟು ಜನ ಸೇವ್ ಮಾಡಿದ್ದಾರೆ ಅಂತ ನೋಡಿದೆ. 3 ಸಾವಿರ ರೀಚ್‌ಗೆ, ಅಂದರೆ ಪೋಸ್ಟ್ ಕಣ್ಣಿಗೆ ಬಿದ್ದ 3 ಸಾವಿರ ಜನರಿಗೆ, 200ರ ಹತ್ತಿರ! ಆ ವಾರ ಕ್ಲಾಸಿಗೆ ಸೇರಿದ 11 ಜನರನ್ನೂ ಕೇಳಿದೆ. ಎಂಟು ಮಂದಿ ಈ ಪೋಸ್ಟ್ ನೋಡಿ ಬಂದವರು. ಅದರ ಹಿಂದಿನ ವಾರ ಬೆಕ್ಕಿನ ರೀಲ್‌ಗೆ 40 ಸಾವಿರ ವ್ಯೂಸ್ ಬಂದಿತ್ತು, ಸೇರಿದವರು ಇಬ್ಬರು.

ಅಲ್ಲಿಂದ ಸೇವ್, ಶೇರ್ ಕೂಡಿಸಿ ರೀಚ್‌ನಿಂದ ಭಾಗಿಸತೊಡಗಿದೆ. ಪೋಸ್ಟ್ ಕಣ್ಣಿಗೇ ಬೀಳದ ಫಾಲೋವರ್‌ನನ್ನು ಲೆಕ್ಕಕ್ಕೆ ಹಿಡಿದು ಏನು ಪ್ರಯೋಜನ, ಅಲ್ವಾ? ಸರಾಸರಿಯನ್ನೂ ಬಿಟ್ಟೆ. ವೈರಲ್ ಆದ ಒಂದೇ ರೀಲ್ ತಿಂಗಳಿಡೀ ಲೆಕ್ಕ ಕೆಡಿಸುತ್ತದೆ. ಕೊನೆಯ 20 ಪೋಸ್ಟ್‌ಗಳನ್ನು ಏರಿಕೆಯಲ್ಲಿ ಜೋಡಿಸಿ ನಡುವಿನ ಅಂಕಿ ಹಿಡಿಯುತ್ತೇನೆ. ಪ್ರತಿ ಪೋಸ್ಟ್‌ನ ಅಂಕಿ ಬರೆದುಕೊಳ್ಳುವುದು ಅದನ್ನು ಹಾಕಿದ 7ನೇ ದಿನವೇ. ಎರಡು ದಿನದ ಪೋಸ್ಟನ್ನು ತಿಂಗಳು ಹಳೆಯದರ ಜೊತೆ ಹೋಲಿಸಿ ಒಮ್ಮೆ ಪೇಚಿಗೆ ಸಿಕ್ಕಿದ್ದೆ. ಶೇರ್‌ಗೆ ತೂಕ ಜಾಸ್ತಿ ಕೊಡುತ್ತೇನೆ, ಎಷ್ಟು ಅನ್ನುವುದು ನನ್ನ ಹತ್ತಿರವೇ ಇರಲಿ.

ವ್ಯೂಸ್ ಅನ್ನಂತೂ ನಂಬುವುದಿಲ್ಲ. 2025ರ ಮಾರ್ಚ್ 31ರಿಂದ ಯೂಟ್ಯೂಬ್ ಶಾರ್ಟ್ಸ್‌ನಲ್ಲಿ ವಿಡಿಯೋ ಓಡಲು ಶುರುವಾದರೆ ಸಾಕು, ಒಂದು ವ್ಯೂ. ಏಪ್ರಿಲ್‌ನಲ್ಲಿ ಶಾರ್ಟ್ಸ್‌ನಲ್ಲಿನ ನಮ್ಮ ಗ್ರಾಫ್ ಜಿಗಿಯಿತು. ಮೇಡಂ ಖುಷಿಯಿಂದ ಫೋನ್ ಮಾಡಿದರು. "ಜನ ಜಾಸ್ತಿ ಆಗಿಲ್ಲ ಮೇಡಂ, ಎಣಿಸೋ ರೀತಿ ಬದಲಾಗಿದೆ" ಅಂದೆ. ಅರ್ಧ ನಿಮಿಷ ಮಾತೇ ಇಲ್ಲ.

ಮಧ್ಯೆ ಒಂದು ತಿಂಗಳು ಕಾಮೆಂಟ್‌ಗಳನ್ನೂ ಕೂತು ಓದಿದೆ, ಸುಮಾರು 600. ಎಮೋಜಿ, "ಸೂಪರ್", "ವಾವ್" ತೆಗೆದ ಮೇಲೆ ಉಳಿದದ್ದು 70. ಅದರಲ್ಲಿ ಪ್ರಶ್ನೆಗಳು 30 ಇರಬಹುದು, ಅರ್ಧಕ್ಕರ್ಧ ಕಣ್ಣಿನ ಚಿತ್ರ ಬಿಡಿಸುವುದರ ಬಗ್ಗೆ. ಅದಕ್ಕೇ ಒಂದು ಕ್ಲಾಸ್ ಇಟ್ಟೆವು, ಮೂರು ದಿನದಲ್ಲಿ ತುಂಬಿತು.

ಇದೇ ಕೆಲಸದಲ್ಲಿರುವ ಗೆಳೆಯ ಮೊದಲು ನಕ್ಕಿದ್ದ. "ಲೈಕೇ ಇಲ್ಲದ ರಿಪೋರ್ಟ್‌ಗೆ ಯಾರಪ್ಪಾ ದುಡ್ಡು ಕೊಡ್ತಾರೆ?" ಮೇಡಂ ಈ ವರ್ಷ ನನ್ನ ಫೀಸು ಹೆಚ್ಚಿಸಿದರು. ಟೂಲ್‌ನ ಚಂದಾ ನಿಲ್ಲಿಸಿದ್ದೇನೆ. ಹೋದ ವಾರ ಆ ಗೆಳೆಯನೇ ನಿನ್ನ ಲೆಕ್ಕದ ಶೀಟ್ ಕಳಿಸು ಅಂದ. ಕಳಿಸಿದೆ, ತೂಕದ ಕಾಲಂ ಅಳಿಸಿ.