ಒಂದೇ ಚೀಸು, ಮೂರು ವಯಸ್ಸು: ಬೊಲೊನ್ಯಾದಲ್ಲಿ ನಾನು ರುಚಿ ಕಲಿತ ಬಗೆ

ಇಟಲಿಯ ಚೀಸ್ ಅಂಗಡಿಗೆ ಹೊಸದಾಗಿ ಹೋದವರಿಗೆ ಎಲ್ಲಿಂದ ಶುರು ಮಾಡಬೇಕೋ ತೋಚುವುದಿಲ್ಲ. ಕೆಲಸಕ್ಕೆಂದು ಬೊಲೊನ್ಯಾಗೆ ಬಂದ ಮೇಲೆ ನಾನು ಹೆಸರುಗಳ ಬೆನ್ನು ಹತ್ತಲಿಲ್ಲ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸುವುದು, ಉಳಿದದ್ದನ್ನು ಹಾಗೇ ಇಡುವುದು. ಇಷ್ಟೇ ನನ್ನ ದಾರಿ.

ಮೊದಲು ಆರಿಸಿಕೊಂಡದ್ದು ಪಾರ್ಮಿಜಾನೊ ರೆಜ್ಜಾನೊ. ಪಾರ್ಮಾ, ರೆಜ್ಜೊ ಎಮಿಲಿಯಾ, ಮೋದೆನಾ ಜಿಲ್ಲೆಗಳಲ್ಲಿ, ಜೊತೆಗೆ ಬೊಲೊನ್ಯಾ ಮತ್ತು ಮಾಂತೊವಾದ ಒಂದಿಷ್ಟು ಭಾಗದಲ್ಲಿ ಮಾಡಿದ್ದಕ್ಕೆ ಮಾತ್ರ ಈ ಹೆಸರು. ಒಂದು ಕಿಲೋ ಚೀಸಿಗೆ ಸುಮಾರು 14 ಲೀಟರ್ ಹಾಲು ಬೇಕು. ಕನಿಷ್ಠ 12 ತಿಂಗಳು ಮಾಗಿಸಲೇಬೇಕು. ಊರಿನ ಮುಖ್ಯ ಚೌಕ ಪಿಯಾಜ್ಜಾ ಮಜ್ಜೋರೆ ಪಕ್ಕದ ಕ್ವಾದ್ರಿಲಾತೆರೊ ಗಲ್ಲಿಗಳಲ್ಲಿ 12, 24, 36 ತಿಂಗಳಿನ ತುಂಡುಗಳನ್ನು ತಲಾ 100 ಗ್ರಾಂ ಕೊಂಡೆ. 'ಉನ್ ಎತ್ತೊ' ಅಂದರೆ ಸಾಕು, 100 ಗ್ರಾಂ ತೂಗಿ ಕೊಡುತ್ತಾರೆ.

ತಿನ್ನುವ ಒಂದು ಗಂಟೆ ಮುಂಚೆ ಚೀಸನ್ನು ಫ್ರಿಜ್‌ನಿಂದ ಹೊರಗಿಡಿ. ತಣ್ಣಗಿದ್ದರೆ ಕೊಬ್ಬು ಬಿಗಿದುಕೊಂಡಿರುತ್ತದೆ, ವಾಸನೆ ಬರುವುದೇ ಇಲ್ಲ. ಚಾಕುವಿನಿಂದ ತೆಳ್ಳಗೆ ಕತ್ತರಿಸುವ ಬದಲು ತುಂಡಾಗಿ ಮುರಿದು, ಮೊದಲು ಮೂಸಿ ನೋಡಿ. 12 ತಿಂಗಳಿನದರಲ್ಲಿ ಹಾಲು, ಬೆಣ್ಣೆಯ ವಾಸನೆ ಇನ್ನೂ ಇರುತ್ತದೆ. 24ರಲ್ಲಿ ಬಾದಾಮಿ, ಅಕ್ರೋಟಿನ ರುಚಿ ಕಾಣಿಸುತ್ತದೆ. ಹಲ್ಲಿಗೆ ಕರಕರ ಎನ್ನುವ ಬಿಳಿ ಕಾಳುಗಳು ಸಿಗುತ್ತವೆ. ಅದು ಉಪ್ಪಲ್ಲ. ಮಾಗುವಾಗ ಪ್ರೋಟೀನು ಒಡೆದು ಟೈರೊಸಿನ್ ಎಂಬ ಅಂಶ ಹರಳುಗಟ್ಟಿದ್ದು. 36 ತಿಂಗಳಿನದು ಪುಡಿಪುಡಿಯಾಗುತ್ತದೆ, ಮಸಾಲೆಯ ಖಾರದ ಛಾಯೆ ಇರುತ್ತದೆ. ನನಗೆ ಇಷ್ಟವಾದದ್ದು ನಡುವಿನದು. ಜಾಸ್ತಿ ಹಳೆಯದೇ ಜಾಸ್ತಿ ಒಳ್ಳೆಯದು ಎಂದು ನಾನು ಒಪ್ಪುವುದಿಲ್ಲ.

ಮೂರಕ್ಕೂ ಜೊತೆಯಾದದ್ದು ಒಂದೇ ವೈನು: ಬೊಲೊನ್ಯಾ ಗುಡ್ಡಗಳ ಪಿನ್ಯೊಲೆತ್ತೊ. ಬಿಳಿ, ಸಣ್ಣಗೆ ನೊರೆಯುವ ಬಗೆ. ಚೀಸಿನ ಕೊಬ್ಬು ನಾಲಿಗೆಗೆ ಅಂಟಿಕೊಳ್ಳುತ್ತದೆ ಅಲ್ವಾ, ಅದನ್ನು ವೈನಿನ ಹುಳಿ ಮತ್ತು ಗುಳ್ಳೆ ತೊಳೆದುಬಿಡುತ್ತವೆ. ಚೀಸಿನ ಉಪ್ಪು ವೈನಿನ ಹುಳಿಯನ್ನು ಮೆತ್ತಗಾಗಿಸುತ್ತದೆ. ಮೊದಲು ಒಂದು ಗುಟುಕು ವೈನು, ಆಮೇಲೆ ಚೀಸು, ಮತ್ತೆ ಅದೇ ವೈನು. ಎರಡನೇ ಗುಟುಕು ಬೇರೆಯೇ ಅನಿಸುತ್ತದೆ. ಆ ವ್ಯತ್ಯಾಸ ಸಿಕ್ಕ ದಿನ ನನಗೆ ತುಂಬಾ ಖುಷಿಯಾಗಿತ್ತು. ಗುಟುಕು ಚಿಕ್ಕದಿರಲಿ, ನಡುವೆ ನೀರು ಕುಡಿಯಿರಿ.

ಆಮೇಲೆ ವೈನು ಅದೇ ಇರಲಿ ಅಂತ ಚೀಸು ಬದಲಿಸಿದೆ. ಪಕ್ಕದ ರೊಮಾನ್ಯಾ ಪ್ರದೇಶದ ಸ್ಕ್ವಾಕ್ವೆರೋನೆ ತಾಜಾ ಚೀಸು, ಚಮಚದಲ್ಲಿ ತೆಗೆಯುವಷ್ಟು ಮೃದು, ನಮ್ಮ ಗಟ್ಟಿ ಮೊಸರಿನ ಹಾಗೆ ತಿಳಿ ಹುಳಿ. ಪಿಯದೀನಾ ರೊಟ್ಟಿಯೊಳಗೆ ಸವರಿ ತಿನ್ನುತ್ತಾರೆ. ಕುರಿಹಾಲಿನ ಪೆಕೊರಿನೊ ಇದಕ್ಕೆ ತದ್ವಿರುದ್ಧ, ಉಪ್ಪು ಹೊಡೆಯುತ್ತದೆ.

ಸಸ್ಯಾಹಾರಿ ಗೆಳೆಯರಿಗೆ ಇದನ್ನು ಹೇಳಲೇಬೇಕು. ಪಾರ್ಮಿಜಾನೊ ಮಾಡುವಾಗ ಹಾಲನ್ನು ಗಟ್ಟಿಯಾಗಿಸಲು ಹಾಕುವ ರೆನೆಟ್ ಕರುವಿನ ಹೊಟ್ಟೆಯಿಂದ ಬಂದದ್ದು. ಇಟಲಿಯ ಹಲವು ಸಾಂಪ್ರದಾಯಿಕ ಚೀಸುಗಳಲ್ಲೂ ಪ್ರಾಣಿಯ ರೆನೆಟ್ಟೇ ಇರುತ್ತದೆ. ಲೇಬಲ್ ಮೇಲೆ 'ಕಾಲ್ಯೊ ವೆಜೆತಾಲೆ', ಅಂದರೆ ಸಸ್ಯಮೂಲದ ರೆನೆಟ್, ಎಂದಿದ್ದರೆ ಮಾತ್ರ ಕೊಳ್ಳಿ. ಅನುಮಾನವಿದ್ದರೆ ಅಂಗಡಿಯಲ್ಲಿ ಕೇಳಿ.

ಗೊರ್ಗೊಂಜೋಲಾವನ್ನು ಯಾವಾಗಲೂ ಕೊನೆಗೆ ಇಡುತ್ತೇನೆ. ಅದರ ನೀಲಿ ಬೂಷ್ಟಿನ ಖಾರ ನಾಲಿಗೆಗೆ ಹತ್ತಿದ ಮೇಲೆ ಮೃದುವಾದ ಚೀಸಿನ ರುಚಿ ಗೊತ್ತಾಗುವುದೇ ಇಲ್ಲ. ಇದಕ್ಕೆ ಪಿನ್ಯೊಲೆತ್ತೊ ಸಾಲದು, ಸಿಹಿ ಬೇಕು. ರೊಮಾನ್ಯಾದ ಆಲ್ಬಾನಾ 1987ರಲ್ಲಿ ಡಿಒಸಿಜಿ (ಇಟಲಿಯ ವೈನಿಗೆ ಸಿಗುವ ಅತಿ ಮೇಲಿನ ದರ್ಜೆ) ಮನ್ನಣೆ ಪಡೆದ ಇಟಲಿಯ ಮೊದಲ ಬಿಳಿ ವೈನು. ಅದರಲ್ಲೇ ದ್ರಾಕ್ಷಿ ಒಣಗಿಸಿ ಮಾಡುವ ಸಿಹಿ ಬಗೆ ಪಾಸ್ಸಿತೊ. ಗೊರ್ಗೊಂಜೋಲಾ ಜೊತೆ ಅದನ್ನೇ ಕೇಳಿ. ಚಿಕ್ಕ ಬಾಟಲಿ ಸಿಕ್ಕರೆ ಸಾಕು.